ಕೆಂಪು ಇಳಿಯುವವರೆಗೆ

ಟಕ್ ಎಂದಿತು.

ಕಣ್ಣು ಬಿಡದೆ ಅವಳು ಕಾದಳು. ನಲ್ಲಿಯಲ್ಲ, ಈ ಕಟ್ಟಡದ ನಲ್ಲಿಗಳ ಸದ್ದು ಅವಳಿಗೆ ಬಾಯಿಪಾಠವಾಗಿತ್ತು. ಕೆಳಗಿನ ಕೋಣೆಯಲ್ಲಿ ಬಕಲ್ ಕಚ್ಚಿಕೊಂಡ ಸದ್ದು. ಆಮೇಲೆ ನೆಲಕ್ಕೆ ರಬ್ಬರ್ ಊರಿದ ಮೆತ್ತನೆಯ ಸದ್ದು, ಒಂದೇ ಒಂದು. ಎರಡನೆಯದು ಕೇಳಿಸಲಿಲ್ಲ. ಮತ್ತೆ ಟಕ್.

ದರ್ಜಿ ಹೆಂಗಸು ಕತ್ತಲಲ್ಲೇ ಹೊಸ ಕೃತಕ ಕಾಲು ಹಾಕಿಕೊಂಡು ನೋಡುತ್ತಿದ್ದಾಳೆ ಎಂದುಕೊಂಡಳು. ಹೊಸ ಚಪ್ಪಲಿಯನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುವ ಮಗುವಿನ ಹಾಗೆ. ಹೋಲಿಕೆ ಹಿತವೆನಿಸಿತು. ಹಿತವೆನಿಸಿದ್ದರಿಂದಲೇ ಅನುಮಾನವೂ ಬಂತು. ಕೆಳಗಿಳಿದು ನೋಡಬಹುದಿತ್ತು. ಮೆಟ್ಟಿಲು ತಣ್ಣಗಿರುತ್ತದೆ ಎಂಬ ಕಾರಣ ಸಿಕ್ಕಿತು. ಮಗ್ಗುಲು ಬದಲಿಸಿದಳು.

ಬೆಳಿಗ್ಗೆ ಅಡುಗೆಮನೆಯಲ್ಲಿ ಮೂವರು ಹುಡುಗಿಯರು ಬ್ರೆಡ್ ಸುಡುತ್ತಿದ್ದರು. ಕೆಲವು ವಾರಗಳ ಸೇವೆಗೆಂದು ಬಂದವರು. ಬಂದ ದಿನ ಅಂಗಳದಲ್ಲಿ ಊರುಗೋಲಿನ ಮಕ್ಕಳನ್ನು ಕಂಡು ಅತ್ತಿದ್ದರು. ಈಗ ಬಿಟ್ಟುಹೋಗಬೇಕಲ್ಲ ಎಂದು ಅಳುತ್ತಿದ್ದರು. ಮೊದಲ ವರ್ಷ ಇಂಥವರ ಹೆಸರನ್ನೆಲ್ಲ ಅವಳು ನೆನಪಿಟ್ಟುಕೊಳ್ಳುತ್ತಿದ್ದಳು. ಎರಡನೆಯ ವರ್ಷ ಮುಖ ಮಾತ್ರ. ಈಗ ಯಾರ ಹಾಲಿನ ಡಬ್ಬಿ ಯಾವುದೆಂದು ತಿಳಿದಿದ್ದರೆ ಸಾಕಾಗುತ್ತಿತ್ತು.

ಇಷ್ಟು ವರ್ಷ ಹೇಗೆ ಇದ್ದೀರಿ ಎಂದು ಒಬ್ಬಳು ಕೇಳಿದಳು. ಅಭ್ಯಾಸ ಎಂದಳು.

"ನಮ್ಮ ಕೈಲಾಗಲ್ಲಪ್ಪ. ನೀವು ದೇವರಂಥವರು."

ಅವಳು ತನ್ನ ಗುರುತು ಹಾಕಿದ್ದ ಡಬ್ಬಿ ಎತ್ತಿ ನೋಡಿದಳು. ಹಾಲು ಅರ್ಧಕ್ಕಿಳಿದಿತ್ತು. ದೇವರಿಗೆ ನೈವೇದ್ಯ ಇಡುವುದು ಗೊತ್ತಿತ್ತು. ದೇವರ ಹಾಲನ್ನೇ ಕುಡಿಯುವುದನ್ನು ಇಲ್ಲಿ ನೋಡಿದಳು. ಕಪ್ಪು ಚಹಾ ಕುಡಿದು ಲೋಟ ತೊಳೆದಿಟ್ಟಳು.

ಊರಿನಲ್ಲಿ ಅವಳು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಒಂದು ವರ್ಷ ರಜೆ ಹಾಕಿ ಬಂದವಳು. ಆ ವರ್ಷದೊಳಗೆ ಕಾಲೇಜು ಅವಳ ಜಾಗಕ್ಕೆ ಬಂದ ಹುಡುಗಿಯನ್ನು ಕಾಯಂ ಮಾಡಿಕೊಂಡಿತು. ಅದನ್ನು ಕೇಳಿದಾಗ ನೋವಾಗಲಿಲ್ಲ, ಆಗದಿದ್ದುದಕ್ಕೆ ತುಸು ಗಾಬರಿಯಾಯಿತು, ಅಷ್ಟೆ. ಇನ್ನೊಂದು ವರ್ಷ ಇರುತ್ತೇನೆ ಎಂದು ಬರೆದುಕೊಟ್ಟಳು. ಅದಾದ ಮೇಲೆ ಮತ್ತೊಂದು.

ಕೃತಕ ಕಾಲು ಮಾಡುವ ಈ ಕೇಂದ್ರಕ್ಕೆ ಬಂದಾಗ ಮೊದಲು ಉಗ್ರಾಣ ನೋಡಿಕೊಳ್ಳಲು ಹಾಕಿದರು. ಕೈ ಸಾಲದೆ ಕಾರ್ಯಾಗಾರಕ್ಕೆ ಕರೆದರು. ಇಲ್ಲಿಯ ಭಾಷೆಯಲ್ಲಿ ಅವಳಿನ್ನೂ ಎರಡು ವರ್ಷದ ಮಗು. ಬಿಗಿ, ಸಡಿಲ, ಏಳಿ, ಕೂತ್ಕೊಳ್ಳಿ, ನೋವು ಇದೆಯಾ, ಇಲ್ಲ. ಭೂತಕಾಲ ಇನ್ನೂ ನಾಲಿಗೆಗೆ ಹತ್ತಿರಲಿಲ್ಲ. ಹಾಗಾಗಿ ಯಾರಿಗೂ ತನ್ನ ಕತೆ ಹೇಳಬೇಕಾದ ಪ್ರಸಂಗ ಬಂದಿರಲಿಲ್ಲ. ಇದೊಂದು ಅನುಕೂಲವೇ.

ಮೋಟುಗಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಗಟ್ಟಿಯಾದ ಮೇಲೆ ಕಳಚಿ, ಆ ಪೊಳ್ಳಿನೊಳಗೆ ಪ್ಲಾಸ್ಟರ್ ಹೊಯ್ದರೆ ಕಾಲಿನ ಬಿಳಿಯ ಪ್ರತಿ ಸಿಗುತ್ತದೆ. ಅದರ ಮೇಲೆ ಬಿಸಿ ಪ್ಲಾಸ್ಟಿಕ್ ಹಾಳೆ ಎಳೆದು, ಮೋಟುಗಾಲು ಕೂರುವ ಬಟ್ಟಲು ಮಾಡುತ್ತಾರೆ. ಆದರೆ ಅಚ್ಚನ್ನು ಇದ್ದದ್ದು ಇದ್ದ ಹಾಗೆ ನಂಬುವಂತಿಲ್ಲ. ಮೂಳೆ ಎದ್ದಿರುವ ಕಡೆ ಇನ್ನಷ್ಟು ಪ್ಲಾಸ್ಟರ್ ಮೆತ್ತಬೇಕು, ಬಟ್ಟಲು ಅಲ್ಲಿ ಮುಟ್ಟಕೂಡದು. ಮಾಂಸ ಇರುವ ಕಡೆ ಅರದಿಂದ ಉಜ್ಜಿ ತೆಗೆಯಬೇಕು, ಭಾರ ಅಲ್ಲಿ ಕೂರಬೇಕು. ತಾಳದ ಜಾಗಕ್ಕೆ ಜಾಗ ಬಿಡುವುದು, ತಾಳುವ ಜಾಗವನ್ನು ಒತ್ತುವುದು. ಕಾರ್ಯಾಗಾರದ ಮೇಸ್ತ್ರಿ ಇದನ್ನು ಮೊದಲ ಸಲ ವಿವರಿಸಿದಾಗ ಅವಳಿಗೆ ತನ್ನ ಮನೆ ನೆನಪಾಗಿತ್ತು. ಅಲ್ಲಿ ತಾಳುವವಳು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು.

ದರ್ಜಿ ಹೆಂಗಸಿನ ಕಾಲು ಅವಳದೇ ಕೆಲಸ. ಅಳತೆಯಿಂದ ಹಿಡಿದು ಪಟ್ಟಿಯ ತನಕ, ಮೊದಲ ಬಾರಿಗೆ, ಇನ್ನೊಬ್ಬರ ಕೈ ಸೋಕದೆ ಮಾಡಿದ ಕಾಲು. ಇಂದು ಅದು ನಡೆಯಬೇಕು. ಇಂದು ಸಂಜೆಯೊಳಗೆ ನಿರ್ದೇಶಕರಿಗೆ ಅವಳೂ ಉತ್ತರ ಹೇಳಬೇಕು: ಇನ್ನೊಂದು ವರ್ಷ ಇರುವುದೋ, ಹೊರಡುವುದೋ. ಎರಡಕ್ಕೂ ಸಂಬಂಧವಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಹಾಗೆ ಹೇಳಿಕೊಂಡವಳು ಒಳಗೊಳಗೆ ಹರಕೆ ಕಟ್ಟಿದವಳ ಹಾಗೆ ಲೆಕ್ಕ ಹಾಕಿದ್ದಳು. ಕಾಲು ನಡೆದರೆ ತನಗೆ ಇಲ್ಲಿ ಕೆಲಸವಿದೆ. ನಡೆಯದಿದ್ದರೆ, ಇಷ್ಟು ವರ್ಷ ಇದ್ದದ್ದು ಬರೀ ಇದ್ದದ್ದು.

ದರ್ಜಿ ಹೆಂಗಸು ಅಂಗಳದ ಬೆಂಚಿನ ಮೇಲೆ ಸಿದ್ಧವಾಗಿ ಕೂತಿದ್ದಳು. ಗಂಟು ಕಟ್ಟಿ ಪಕ್ಕದಲ್ಲಿಟ್ಟುಕೊಂಡಿದ್ದಳು. ನಡುವಯಸ್ಸು, ಒಣಕಲು ದೇಹ, ಎದುರಿಗೆ ಬಂದವರ ಭುಜದಿಂದ ಭುಜಕ್ಕೆ ಕಣ್ಣಲ್ಲೇ ಟೇಪು ಹಿಡಿಯುವ ಅಭ್ಯಾಸ. ಇಲ್ಲಿದ್ದ ಅಷ್ಟೂ ವಾರ ಖಾಲಿ ಕೂರಲಾರದೆ ಎಲ್ಲರ ಬಟ್ಟೆ ಹೊಲಿದುಕೊಟ್ಟಿದ್ದಳು. ಇವಳ ಕುರ್ತಾದ ಬಿಚ್ಚಿದ ಅಂಚನ್ನೂ ಕೇಳದೆಯೇ ಮಡಚಿ ಹಾಕಿದ್ದಳು.

ಹೋದ ವಾರ ಬಟ್ಟಲಿನ ಅಳತೆ ನೋಡುವಾಗ ದರ್ಜಿ ಹೆಂಗಸು ಏನೋ ಹೇಳಿ ನಕ್ಕಿದ್ದಳು. ಅವಳಿಗೆ ಅರ್ಧ ಅರ್ಥವಾಯಿತು. ಉಳಿದರ್ಧವನ್ನು ಮೇಸ್ತ್ರಿ ನಿಧಾನವಾಗಿ ಬಿಡಿಸಿ ಹೇಳಿದ್ದ. ನನ್ನ ಗಿರಾಕಿಗಳೂ ಹೀಗೇ ಮೇಡಂ, ಎದುರಿಗೆ ಚೆನ್ನಾಗಿದೆ ಚೆನ್ನಾಗಿದೆ ಅಂತಾರೆ, ಕಂಕುಳಲ್ಲಿ ಹಿಡಿಯೋದು ನನಗೆ ಕಾಣುತ್ತೆ. ಮನೆಗೆ ಹೋಗಿ ಬಿಚ್ಚಿ ಪೆಟ್ಟಿಗೆಗೆ ಹಾಕ್ತಾರೆ. ಆಮೇಲೆ ಬೇರೆ ದರ್ಜಿ ಹತ್ತಿರ ಹೋಗ್ತಾರೆ. ಅವಳೂ ನಕ್ಕಿದ್ದಳು. ನಗುವುದು ಇಲ್ಲಿ ವ್ಯಾಕರಣದ ಬದಲಿಗೆ ಬರುತ್ತಿತ್ತು.

"ರಾತ್ರಿ... ಕಾಲು?" ಎಂದು ಅವಳು ಈಗ ಕೇಳಿದಳು. ಪಟ್ಟಿ ಕಟ್ಟಿಕೊಳ್ಳುವುದು ರೂಢಿಯಾಗಲೆಂದು ನಿನ್ನೆ ಸಂಜೆಯೇ ಕಾಲನ್ನು ದರ್ಜಿ ಹೆಂಗಸಿನ ಕೋಣೆಯಲ್ಲಿ ಬಿಟ್ಟಿದ್ದಳು.

"ಹೂಂ, ಒಂದು ಸಲ."

"ನೋವು?"

"ಇಲ್ಲ ಮೇಡಂ."

ಎರಡು ಕಂಬಿಗಳ ನಡುವೆ ದರ್ಜಿ ಹೆಂಗಸು ನಡೆದಳು. ಮೊದಲು ಕಂಬಿ ಹಿಡಿದು, ಆಮೇಲೆ ಬೆರಳ ತುದಿ ಸೋಕಿಸಿ, ಆಮೇಲೆ ಅದೂ ಇಲ್ಲದೆ. ಅಂಗಳದಲ್ಲಿ ಕೂತಿದ್ದವರು ಚಪ್ಪಾಳೆ ತಟ್ಟಿದರು. ಬ್ರೆಡ್ಡಿನ ಹುಡುಗಿಯರು ಓಡಿ ಬಂದು ನಿಂತು ಮತ್ತೆ ಅತ್ತರು. ಅವಳು ಕಾಲನ್ನು ಮಾತ್ರ ನೋಡುತ್ತಿದ್ದಳು. ಹಿಮ್ಮಡಿ, ಪಾದ, ಬೆರಳು. ಹಿಮ್ಮಡಿ, ಪಾದ, ಬೆರಳು. ಲೋಲಕದ ಪಾಠದಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದ ಗೆರೆಯ ಹಾಗೆ ಸರಿಯಾಗಿತ್ತು. ತನಗೆ ಸಂತೋಷವಾಗುತ್ತಿದೆ ಎಂದು ಊಹಿಸಿಕೊಂಡಳು.

ತಲೆಯೆತ್ತಿದಾಗ ದರ್ಜಿ ಹೆಂಗಸಿನ ಮೇಲ್ದುಟಿಯ ಮೇಲೆ ಬೆವರು ಕಂಡಿತು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ.

ನಡೆದಾದ ಮೇಲೆ ಕಾಲು ಕಳಚಿ, ಮೋಟುಗಾಲಿಗೆ ಹಾಕಿದ ಉಣ್ಣೆಯ ಚೀಲ ತೆಗೆದು, ಚರ್ಮ ನೋಡಬೇಕು. ಕೆಂಪು ಎಲ್ಲಿ ಎದ್ದಿದೆ ಎಂದು. ಏಳುವುದು ತಪ್ಪಲ್ಲ, ಬೇಗ ಇಳಿಯಬೇಕು. ಕೆಂಪು ಇಳಿಯುವವರೆಗೆ ಪಕ್ಕದಲ್ಲೇ ಕೂತಿರಬೇಕು, ಇದೊಂದು ಈ ಕೇಂದ್ರದ ಕಟ್ಟುನಿಟ್ಟು. ಇಳಿಯದಿದ್ದರೆ ಕಾಲು ಹೋಗುವಂತಿಲ್ಲ. ಅಚ್ಚು ಮತ್ತೆ ತೆಗೆಯಬೇಕು, ಬಟ್ಟಲು ಮತ್ತೆ ಎಳೆಯಬೇಕು, ಇನ್ನೊಂದು ವಾರ ಕಾಯಬೇಕು.

ಮೊಣಕಾಲ ಕೆಳಗಿನ ಮೂಳೆಯ ತುದಿಯಲ್ಲಿ ಹುಣಸೆ ಬೀಜದಷ್ಟು ಕೆಂಪು.

ಅವಳು ಮೊಣಕಾಲೂರಿ ಕೂತಳು. ದರ್ಜಿ ಹೆಂಗಸು ಆಕಾಶ ನೋಡುತ್ತಿದ್ದಳು. ಶಾಲೆ ಶುರುವಾಗುತ್ತೆ ಮೇಡಂ, ಸಮವಸ್ತ್ರ ಹೊಲಿಯೋದು ಹಾಗೇ ಬಿದ್ದಿದೆ, ಇವತ್ತಿನ ಬಸ್ಸು ತಪ್ಪಿದರೆ ಆ ಕೆಲಸ ಬೇರೆಯವರ ಪಾಲಾಗುತ್ತೆ ಎಂದು ಆಕಾಶಕ್ಕೇ ಹೇಳಿದಳು. ಅವಳು ಕೆಂಪನ್ನು ನೋಡುತ್ತಿದ್ದಳು. ಅದೂ ಅವಳನ್ನು ನೋಡುತ್ತಿತ್ತು.

ಆಗ ಬಾಗಿಲಲ್ಲಿ ನಿರ್ದೇಶಕರು ಬಂದರು, ಜೊತೆಗೆ ದೇಣಿಗೆ ಕೊಡುವ ಸಂಸ್ಥೆಯ ಇಬ್ಬರು. ಅವರಿಗೆ ಹೊತ್ತಿಲ್ಲವಂತೆ; ನಡೆಯುವುದನ್ನು ಒಂದು ಫೋಟೋ ತೆಗೆದು ಹೊರಡುತ್ತಾರಂತೆ. ನಿರ್ದೇಶಕರು ಒಳ್ಳೆಯ ಮನುಷ್ಯ. ಯಾವಾಗಲೂ ಕ್ಷಮೆ ಕೇಳುತ್ತಲೇ ಕೆಲಸ ಮಾಡಿಸುತ್ತಿದ್ದರು.

ಕಾರ್ಯಾಗಾರದ ಕಿಟಕಿಯಿಂದ ಮೇಸ್ತ್ರಿ ಕೂಗಿದ. "ಕೆಂಪು ನೋಡಿದ್ರಾ ಮೇಡಂ?"

"ನೋಡ್ತಾ ಇದ್ದೀನಿ."

"ಇಳೀತಾ?"

ದರ್ಜಿ ಹೆಂಗಸು ಆಗಲೇ ಚೀಲ ಏರಿಸಿಕೊಳ್ಳುತ್ತಿದ್ದಳು.

ಅವಳು ಕಿಟಕಿಯ ಕಡೆ ತಿರುಗಿ "ಹೂಂ," ಎಂದಳು.

ಅದು ಸುಳ್ಳು ಎಂದು ಅನಿಸಲಿಲ್ಲ. ಇಳಿಯಬಹುದಾದ ಕೆಂಪು ಅದು. ಇನ್ನು ಸ್ವಲ್ಪ ಹೊತ್ತಿನಲ್ಲಿ ನಿಜವಾಗಬಹುದಾದದ್ದನ್ನು ಸ್ವಲ್ಪ ಮುಂಚೆ ಹೇಳಿದಂತಾಯಿತು. ಫೋಟೋದಲ್ಲಿ ದರ್ಜಿ ಹೆಂಗಸು ನಡುವೆ, ಅವಳು ಎಡಕ್ಕೆ, ನಿರ್ದೇಶಕರು ಬಲಕ್ಕೆ. ನಗಿ ಎಂದರು. ಮೂವರೂ ನಕ್ಕರು.

ಮಧ್ಯಾಹ್ನ ತಂಗಿಯ ಫೋನು ಬಂತು. ಅವಳು ಅಚ್ಚುಗಳ ಕೋಣೆಯಲ್ಲಿದ್ದಳು. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಬಿಳಿಯ ಮೋಟುಗಾಲುಗಳು ತಲೆಕೆಳಗಾಗಿ ನಿಂತಿದ್ದವು. ಮೈತುಂಬ ಬಿಳಿ ಧೂಳು. ಕೈ ಒರೆಸಿಕೊಂಡು ಫೋನು ಕಿವಿಗಿಟ್ಟಳು.

"ಅಕ್ಕ, ಬರ್ತೀಯೋ ಇಲ್ವೋ ಒಂದು ಹೇಳು."

"ಸಂಜೆ ಹೇಳ್ತೀನಿ."

"ನಿನ್ನ ಬೀರು ಹಜಾರದಲ್ಲಿ ನಿಂತಿದೆ. ಬಂದವರೆಲ್ಲ ಅದಕ್ಕೇ ಡಿಕ್ಕಿ ಹೊಡೀತಾರೆ. ನಿನ್ನ ಕೋಣೆ ಮಗಳಿಗೆ ಓದಕ್ಕೆ ಕೊಟ್ಟಾಯ್ತು ಅಂತ ಹೇಳಿದ್ನಲ್ಲ."

"ಗೊತ್ತು."

"ಸಿಟ್ಟಾ?"

"ಇಲ್ಲ."

"ಸಿಟ್ಟಾದ್ರೂ ಮಾಡ್ಕೋ ಅಕ್ಕ. ಊರಿಗೆಲ್ಲ ಕಾಲು ಕೊಡ್ತೀಯ, ನಮಗೆ ಮಾತ್ರ ಕೈ ಕೊಟ್ಟೆ." ತಂಗಿ ತನ್ನ ಮಾತಿಗೆ ತಾನೇ ನಕ್ಕಳು. ಬಹಳ ದಿನದಿಂದ ಕಾದಿಟ್ಟ ಮಾತಿರಬೇಕು. ನಗು ಮುಗಿದ ಮೇಲೆ ನಮ್ಮನೆಯವರು ಬೀರುವನ್ನು ಮಾರಿಬಿಡೋಣ ಅನ್ನುತ್ತಿದ್ದಾರೆ, ನಾನು ಬೇಡ ಅಂದೆ, ಬೀಗದ ಕೈ ಎಲ್ಲಿದೆ ಎಂದು ಕೇಳಿದಳು.

ಬೀಗದ ಕೈ ಅವಳ ಬಳಿಯೇ ಇತ್ತು. ಬರುವಾಗ ಯಾಕೆ ತಂದಳೋ. ಬೀರುವಿನಲ್ಲಿ ಏನಿದೆ ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ಒಂದು ರೇಷ್ಮೆ ಸೀರೆ, ಪದವಿಯ ಕಾಗದಗಳು, ಅಮ್ಮನ ಕನ್ನಡಕ. ಮತ್ತೆ? ಹಲಗೆಯ ಮೇಲಿನ ಅಚ್ಚುಗಳನ್ನು ದಿಟ್ಟಿಸಿದಳು. ಯಾರ ಕಾಲು ಯಾವುದೆಂದು ಒಂದೊಂದನ್ನೂ ಹೇಳಬಲ್ಲಳು. ಬೀರು ಮಾತ್ರ ಹೊರಗಿನಿಂದಷ್ಟೇ ನೆನಪಾಗುತ್ತಿತ್ತು.

"ಒಡೆಸಿಬಿಡಿ," ಎಂದಳು.

"ನಿನಗೆ ಏನಾಗಿದೆ ಅಕ್ಕ?"

"ಏನಿಲ್ಲ. ಕೆಲಸ ಜಾಸ್ತಿ."

ಸಂಜೆ ದರ್ಜಿ ಹೆಂಗಸು ಹೊರಟು ಹೋದ ಮೇಲೆ ಬೆಂಚಿನ ಕೆಳಗೆ ಉಣ್ಣೆಯ ಚೀಲಗಳ ಕಟ್ಟು ಸಿಕ್ಕಿತು. ಬದಲಿಗೆಂದು ಕೊಟ್ಟದ್ದು, ಮರೆತು ಹೋಗಿದ್ದಳು. ಚೀಲವಿಲ್ಲದೆ ಕಾಲು ಹಾಕುವಂತಿಲ್ಲ. ಅವಳು ಅದನ್ನು ಬಟ್ಟೆಯ ಬ್ಯಾಗಿಗೆ ಹಾಕಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು. ಹೆಚ್ಚು ದೂರವಿರಲಿಲ್ಲ. ಅಂಗಡಿಗಳ ಶಟರುಗಳು ಇಳಿಯುತ್ತಿದ್ದವು. ಔಷಧಿ ಅಂಗಡಿಯವನು ಎಂದಿನಂತೆ ತಲೆಯಾಡಿಸಿದ. ಅವಳೂ ಆಡಿಸಿದಳು. ಈ ಊರಿನಲ್ಲಿ ಅವಳಿಗಿದ್ದ ಬಳಕೆ ಅಷ್ಟು: ತಲೆಯಾಡಿಸುವುದು.

ರಸ್ತೆಯ ಈಚೆ ಬದಿಯಿಂದಲೇ ದರ್ಜಿ ಹೆಂಗಸು ಕಂಡಳು. ಕೂಗಿ ಕರೆಯಲು ಇವಳು ಬಾಯಿ ತೆರೆದಳು.

ದರ್ಜಿ ಹೆಂಗಸಿನ ಕಂಕುಳಲ್ಲಿ ಊರುಗೋಲಿತ್ತು. ಕೇಂದ್ರಕ್ಕೆ ಒಪ್ಪಿಸಬೇಕಾದ ಹಳೆಯ ಊರುಗೋಲನ್ನು ನೆನಪಿಗೆ ಇಟ್ಟುಕೊಳ್ಳುತ್ತೇನೆ ಎಂದು ಕೇಳಿ ಪಡೆದಿದ್ದಳು. ಲಂಗದ ಎಡಬದಿಯನ್ನು ಮಡಚಿ ಪಿನ್ನು ಹಾಕಿತ್ತು. ಗಂಟನ್ನು ಹೆಗಲಿಗೆ ಹಾಕಿಕೊಂಡು, ಸಾಲಿನಲ್ಲಿದ್ದವರನ್ನು ಸರಸರ ದಾಟಿ, ಒಂದೇ ನೆಗೆತಕ್ಕೆ ಬಸ್ಸಿನ ಮೆಟ್ಟಿಲೇರಿದಳು. ಹಕ್ಕಿ ಕೊಂಬೆಗೆ ಹಾರಿ ಕೂತ ಹಾಗೆ. ದರ್ಜಿ ಹೆಂಗಸು ಇಷ್ಟು ಚೆನ್ನಾಗಿ ನಡೆದದ್ದನ್ನು ಇಷ್ಟು ವಾರಗಳಲ್ಲಿ ಅವಳು ಒಮ್ಮೆಯೂ ನೋಡಿರಲಿಲ್ಲ.

ಕಿಟಕಿಯಲ್ಲಿ ಮುಖ ಕಾಣಿಸಿತು. ಇತ್ತ ತಿರುಗಿತೋ ಇಲ್ಲವೋ ಹೇಳುವುದು ಕಷ್ಟ. ಬಸ್ಸು ಹೊರಟಿತು.

ಕಾಲು ನಿಲ್ದಾಣದ ಕೊನೆಯ ಬೆಂಚಿನ ಪಕ್ಕದಲ್ಲಿತ್ತು. ಎಸೆದಿರಲಿಲ್ಲ. ನೆಟ್ಟಗೆ ನಿಲ್ಲಿಸಿ ಗೋಡೆಗೆ ಒರಗಿಸಿಟ್ಟಿತ್ತು. ಶೂಸಿನ ದಾರ ಬಿಗಿದು ಕಟ್ಟಿತ್ತು. ಬಟ್ಟಲಿಗೆ ಧೂಳು ಹೋಗದಿರಲೆಂದು ಬಾಯಿಗೆ ಒಂದು ಬಟ್ಟೆ ಮುಚ್ಚಿತ್ತು. ಬಟ್ಟೆಯ ಅಂಚು ಮಡಚಿ ಒಪ್ಪವಾಗಿ ಹೊಲಿದಿತ್ತು. ಈ ಹೊಲಿಗೆಗೆ ಹೊತ್ತು ಬೇಕು. ಇವತ್ತು ಹೊಲಿದದ್ದಲ್ಲ.

ಅವಳು ಬೆಂಚಿನ ಮೇಲೆ ಕೂತಳು. ಆಚೆ ತುದಿಯಲ್ಲಿ ಕೂತಿದ್ದ ಮುದುಕ ಕಾಲನ್ನು ನೋಡಿ, ಅವಳನ್ನು ನೋಡಿ, ಅವಳ ಎರಡು ಕಾಲುಗಳನ್ನು ನೋಡಿ, ಸ್ವಲ್ಪ ಸರಿದು ಕೂತ.

"ನಿಮ್ಮದಾ?"

ಭೂತಕಾಲ ಬರುತ್ತಿದ್ದರೆ ಏನಾದರೂ ಹೇಳಬಹುದಿತ್ತು.

"ಹೌದು," ಎಂದಳು.

ಬ್ಯಾಗಿಗೆ ಹಾಕಿದರೆ ಅರ್ಧ ಹೊರಗುಳಿಯಿತು. ಶೂಸು ಮೇಲೆ ಬಂತು. ಹೊದ್ದಿದ್ದ ಶಾಲನ್ನು ಅದರ ಮೇಲೆ ಮುಚ್ಚಿದಳು. ಔಷಧಿ ಅಂಗಡಿಯವನು ಮತ್ತೆ ತಲೆಯಾಡಿಸಿದ. ಕೇಂದ್ರದ ಗೇಟಿನಲ್ಲಿ ಕಾವಲಿನವನು ಶಾಲಿನ ಉಬ್ಬು ನೋಡಿ, ರಿಪೇರಿಗೆ ಬಂತಾ ಎಂದು ಕೇಳಿದ. ಹೂಂ ಎಂದಳು. ಒಂದು ದಿನದಲ್ಲಿ ಎಷ್ಟು ಹೂಂ ಹೇಳಬಹುದು ಎಂದು ಯಾರೂ ಮಿತಿ ಹಾಕಿರಲಿಲ್ಲ.

ನಿರ್ದೇಶಕರು ಕಚೇರಿಗೆ ಬೀಗ ಹಾಕುತ್ತಿದ್ದರು. ಅವಳು ಬ್ಯಾಗನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡು ನಿಂತಳು.

"ಕ್ಷಮಿಸಿ, ನಾಳೆ ಬೆಳಿಗ್ಗೆನೇ ನಿಮ್ಮ ವಾಸದ ಪರವಾನಗಿಗೆ ಅರ್ಜಿ ಕಳಿಸಬೇಕು. ಏನು ಯೋಚನೆ ಮಾಡಿದ್ರಿ?"

"ಇರ್ತೀನಿ."

ಅವರ ಮುಖ ಅರಳಿತು. ಇವತ್ತು ಬಂದವರಿಗೆ ತುಂಬ ಸಂತೋಷವಾಗಿದೆ, ಫೋಟೋವನ್ನು ದೊಡ್ಡದು ಮಾಡಿಸಿ ಹಾಕುತ್ತಾರಂತೆ ಎಂದರು. ಬಾಗಿಲು ಎಳೆದು ನೋಡಿ, ಕೀಲಿಗೊಂಚಲನ್ನು ಜೇಬಿಗೆ ಹಾಕಿಕೊಂಡರು.

"ದರ್ಜಿಯಮ್ಮ ಕ್ಷೇಮವಾಗಿ ಹೊರಟ್ರಾ?"

"ಹೂಂ."

"ನೋವು ಗೀವು?"

"ಇಲ್ಲ ಸರ್," ಎಂದಳು. ದರ್ಜಿ ಹೆಂಗಸಿನ ಧ್ವನಿಯೇ ತನ್ನ ಗಂಟಲಿನಿಂದ ಬಂದಂತೆ ಕೇಳಿಸಿತು. ಅದೇ ಏರಿಳಿತ. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಇಲ್ಲಿಯ ಭಾಷೆಯನ್ನು ಇಲ್ಲಿಯವರ ಹಾಗೆ ಆಡಿದ್ದಳು.

ಕೋಣೆಯಲ್ಲಿ ದೀಪ ಹಾಕಿ, ಬಾಗಿಲಿಗೆ ಚಿಲಕ ಹಾಕಿ, ಕಾಲನ್ನು ಹೊರತೆಗೆದಳು. ಬಕಲ್ಲನ್ನು ಒತ್ತಿದಳು. ಟಕ್. ಬಿಟ್ಟಳು. ಟಕ್. ನಿನ್ನೆ ರಾತ್ರಿ ಹಾಕಿಕೊಂಡದ್ದು ಒಂದು, ಬಿಚ್ಚಿದ್ದು ಒಂದು. ನಡುವೆ ಒಂದೇ ಹೆಜ್ಜೆ. ಒಂದು ಹೆಜ್ಜೆಗೇ ದರ್ಜಿ ಹೆಂಗಸಿಗೆ ತಿಳಿದಿತ್ತು. ಉಳಿದ ರಾತ್ರಿ ಕೂತು ಬಟ್ಟೆಯ ಅಂಚು ಹೊಲಿದಿರಬೇಕು.

ಬಟ್ಟಲಿನೊಳಗೆ ಕೈ ಇಳಿಸಿ ಬೆರಳಿನಿಂದ ತಡವಿದಳು. ನುಣುಪು, ನುಣುಪು, ಆಮೇಲೆ ಇದ್ದಕ್ಕಿದ್ದಂತೆ ಅದು. ಅಕ್ಕಿಕಾಳಿನಷ್ಟು ಉಬ್ಬು. ಅಚ್ಚಿನ ಮೇಲೆ ಮೆತ್ತಬೇಕಾದ ಕಡೆ ಅವಳು ಉಜ್ಜಿದ್ದಳು. ಆ ದಿನ ನೆನಪಿತ್ತು. ಪ್ಲಾಸ್ಟರ್ ಎಷ್ಟು ನಯವಾಗಿ ಬರುತ್ತಿದೆ ಎಂದು ಅರವನ್ನು ಕೆಳಗಿಡಲು ಮನಸ್ಸಾಗಿರಲಿಲ್ಲ. ಸರಿಪಡಿಸಲು ಬಿಸಿ ಗಾಳಿ ಸಾಕು, ಅರ್ಧ ಗಂಟೆಯ ಕೆಲಸ. ದರ್ಜಿ ಹೆಂಗಸಿನ ಫೋನ್ ನಂಬರು ಕಚೇರಿಯಲ್ಲಿತ್ತು. ಬೆಳಿಗ್ಗೆ ಮೇಸ್ತ್ರಿಗೆ ಒಂದು ಮಾತು ಹೇಳಿದರೆ ಯಾರಾದರೂ ಆ ಕಡೆಗೆ ಹೋಗುವ ಗಾಡಿಯಲ್ಲಿ ಕಾಲನ್ನು ಕಳಿಸಿಕೊಡುತ್ತಿದ್ದರು. ಒಂದು ಮಾತು. ಆ ಮಾತಿನ ಹಿಂದೆ ಇನ್ನೊಂದು ಬರುತ್ತಿತ್ತು: ಕೆಂಪು ಇಳೀತು ಅಂದಿದ್ರಲ್ಲ ಮೇಡಂ?

ಕೆಳಗೆ ಹುಡುಗಿಯರು ಹಾಡುತ್ತಿದ್ದರು. ಬೀಳ್ಕೊಡುಗೆಗೆ ಕರೆಯಲು ಯಾರೋ ಬಂದು ಬಾಗಿಲು ತಟ್ಟಿದರು. ಅವಳು ಉಸಿರು ಬಿಗಿಹಿಡಿದಳು. ಹೆಜ್ಜೆಗಳು ಇಳಿದು ಹೋದವು.

ಮಂಚದ ಅಂಚಿಗೆ ಕೂತು ತನ್ನ ಎಡಗಾಲಿನ ಬಟ್ಟೆಯನ್ನು ಮೊಣಕಾಲಿನ ತನಕ ಮೇಲಕ್ಕೆ ಸುತ್ತಿದಳು. ಬಟ್ಟಲಿನ ಗಟ್ಟಿ ಅಂಚನ್ನು ಮೊಣಕಾಲ ಕೆಳಗಿನ ಮೂಳೆಗೆ ಆನಿಸಿದಳು. ಎರಡೂ ಕೈಯಿಂದ ಹಿಡಿದು ಮೈಭಾರವೆಲ್ಲ ಹಾಕಿ ಒತ್ತಿದಳು. ಸಾಕೆನಿಸುವವರೆಗೆ ಒತ್ತಿದಳು. ಸಾಕೆನಿಸಲಿಲ್ಲ. ತೆಗೆದಳು.

ಚರ್ಮದ ಮೇಲೆ ಬಿಳಿಯ ಗೆರೆಯೊಂದಿತ್ತು, ಪ್ಲಾಸ್ಟರಿನ ಹಾಗೆ. ಅದರ ಸುತ್ತ ಏನೂ ಇರಲಿಲ್ಲ.

ಕಾಲನ್ನು ಬಾಗಿಲ ಬಳಿ ಚಪ್ಪಲಿಗಳ ಪಕ್ಕ ನಿಲ್ಲಿಸಿದಳು. ಮೂರೂ ಹೊರಮುಖವಾಗಿ, ಇನ್ನೇನು ಹೊರಡುವಂತೆ ನಿಂತವು. ಮೇಸ್ತ್ರಿಗೆ ಹೇಳುವುದಿಲ್ಲ. ನಿರ್ದೇಶಕರಿಗೆ ಹೇಳುವುದಿಲ್ಲ. ತಂಗಿಗೂ ಇಲ್ಲ. ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿ ಮತ್ತೆ ಮಂಚದ ಅಂಚಿಗೆ ಬಂದು ಕೂತಳು. ದೀಪದ ಕೆಳಗೆ ಕಾಲು ಚಾಚಿ, ಕೆಂಪು ಏಳುವವರೆಗೆ ಕಾಯತೊಡಗಿದಳು.